ಕುರ್ಚಿ ಬಿಟ್ಟ ನಿರ್ದೇಶಕ

ಪಿ. ವಿ. ಸತೀಶ್ 1945ರ ಜೂನ್ 18ರಂದು ಮೈಸೂರಿನಲ್ಲಿ ಹುಟ್ಟಿ, 2023ರ ಮಾರ್ಚ್ 19ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ಪೂರ್ತಿ ಹೆಸರು ಪಿರಿಯಾಪಟ್ಟಣ ವೆಂಕಟಸುಬ್ಬಯ್ಯ ಸತೀಶ್. ಮೈಸೂರು ಸೀಮೆಯ ಒಂದು ಊರನ್ನು ಹೆಸರಿನ ಮೊದಲಕ್ಷರದಲ್ಲಿ ಹೊತ್ತ ಈ ಮನುಷ್ಯ ಬದುಕಿನ ಕೊನೆಯ ನಲವತ್ತು ವರ್ಷವನ್ನು ತೆಲಂಗಾಣದ ಜಹೀರಾಬಾದ್ ಸುತ್ತಿನ ಕೆಮ್ಮಣ್ಣಿನ ಹಳ್ಳಿಗಳಿಗೆ ಕೊಟ್ಟರು. ಅವರು ಹೋದಾಗ ಬಂದ ನುಡಿನಮನಗಳು ಬಹುಪಾಲು ಒಂದೇ ಬಿರುದನ್ನು ಹಿಡಿದುಕೊಂಡವು: ಸಿರಿಧಾನ್ಯದ ಮನುಷ್ಯ. ಅದೇ ವರ್ಷ ವಿಶ್ವಸಂಸ್ಥೆ ಸಾರಿದ ಸಿರಿಧಾನ್ಯ ವರ್ಷವೂ ಆಗಿದ್ದರಿಂದ ತಲೆಬರಹಕ್ಕೆ ಯಾರೂ ತಡಕಾಡಬೇಕಾಗಲಿಲ್ಲ. ಎರಡು ದಶಕ ದೂರದರ್ಶನದಲ್ಲಿ ಕಾರ್ಯಕ್ರಮ ಮಾಡಿದವರು ಎಂಬುದು ಮಾತ್ರ ಪೀಠಿಕೆಯ ಒಂದು ಸಾಲಾಗಿ ಬಂದು ಹೋಯಿತು.

ಆ ಒಂದು ಸಾಲಿನ ಹಿಂದೆ ಒಂದು ಅಭಿಪ್ರಾಯ ಕೂತಿದೆ. ಅದಕ್ಕೆ ಮೂರು ಕವಲು. ಸತೀಶ್ ಕ್ಯಾಮೆರಾ ಬಿಟ್ಟು ಹೊಲಕ್ಕೆ ಇಳಿದರು, ಆದ್ದರಿಂದ ಅವರನ್ನು ಕೃಷಿಯ ಕಪಾಟಿನಲ್ಲಿಡಬೇಕು ಎಂಬುದು ಮೊದಲನೆಯದು. ಅವರು ಕಟ್ಟಿದ ಸಂಸ್ಥೆಯ ದಲಿತ ಹೆಣ್ಣುಮಕ್ಕಳು ತೆಗೆದ ವಿಡಿಯೋಗಳು ಒಳ್ಳೆಯ ಕೆಲಸ ಹೌದು, ಆದರೆ ಸಿನಿಮಾ ಅಲ್ಲ ಎಂಬುದು ಎರಡನೆಯದು. ಮೂರನೆಯದನ್ನು ಮೆಲುದನಿಯಲ್ಲಿ ಹೇಳುತ್ತಾರೆ: ಆ ಹೆಣ್ಣುಮಕ್ಕಳ ಹಿಂದೆ ನಿಂತು ದಾರ ಎಳೆಯುತ್ತಿದ್ದವರು ಸತೀಶ್ ಅವರೇ. ಎರಡನೆಯ ಮಾತೂ ಮೂರನೆಯ ಮಾತೂ ಒಂದಕ್ಕೊಂದು ಕೂಡಿಬರುವುದಿಲ್ಲ. ಸಿನಿಮಾವೇ ಅಲ್ಲದ್ದಕ್ಕೆ ಗುಟ್ಟಿನ ನಿರ್ದೇಶಕನೊಬ್ಬ ಯಾಕೆ ಬೇಕು? ಆದರೂ ಒಂದೇ ಬಾಯಿಂದ ಎರಡೂ ಬರುತ್ತವೆ. ನಿರ್ದೇಶಕ ಅಂದರೆ ಒಬ್ಬ ವ್ಯಕ್ತಿ, ಅವನ ಹೆಸರು, ಅವನ ಚಿತ್ರಗಳ ಪಟ್ಟಿ ಎಂದು ಒಪ್ಪಿಕೊಂಡುಬಿಟ್ಟ ಮೇಲೆ ಆ ಸಂಸ್ಥೆಯ ನೆಲೆಯಾದ ಪಸ್ತಾಪುರದಲ್ಲಿ ನಡೆದದ್ದು ಕಣ್ಣಿಗೆ ಬೀಳುವುದೇ ಇಲ್ಲ.

ದೆಹಲಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಷನ್‌ನಲ್ಲಿ ಓದಿದ ಸತೀಶ್ ಪತ್ರಿಕೋದ್ಯಮದಿಂದ ದೂರದರ್ಶನಕ್ಕೆ ಬಂದರು. ಅಲ್ಲಿ ಅವರಿಗೆ ಸಿಕ್ಕಿದ್ದು ಹಳ್ಳಿಗಳಿಗೆ ಮೀಸಲಾದ ಕಾರ್ಯಕ್ರಮಗಳು. ಆ ದಿನಗಳ ಅತಿ ದೊಡ್ಡ ಪ್ರಯೋಗವಾದ ಸೈಟ್ ಯೋಜನೆಯಲ್ಲಿ ಅವರ ಪಾಲಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದಿಂದ ಎರವಲು ತಂದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಕಲಬುರಗಿ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು, ಆಂಧ್ರದಲ್ಲಿ ಮೆದಕ್, ಮಹಬೂಬ್‌ನಗರ ಕಡೆಯ ಹಳ್ಳಿಗಳು ಅದರಲ್ಲಿ ಸೇರಿದ್ದವು. ಉಪಗ್ರಹಕ್ಕೆ ಒಂದು ಚಿತ್ರದ ಜತೆ ಎರಡು ಧ್ವನಿಗಳನ್ನು ಕಳಿಸುವ ಶಕ್ತಿಯಿತ್ತು. ಹೀಗಾಗಿ ಗಡಿಯ ಈ ಬದಿಯ ಪೆಟ್ಟಿಗೆ ಕನ್ನಡ ಮಾತಾಡಿದರೆ ಆ ಬದಿಯ ಪೆಟ್ಟಿಗೆ ಅದೇ ಚಿತ್ರಕ್ಕೆ ತೆಲುಗು ಮಾತಾಡುತ್ತಿತ್ತು.

ಈ ಏರ್ಪಾಟು ಗಡಿಯ ಜನಕ್ಕೆ ತಮಾಷೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಹತ್ತೊಂಬತ್ತೇ ವರ್ಷ ಹಿಂದೆ, 1956ರ ನವೆಂಬರ್ 1ರವರೆಗೆ, ನಾರಾಯಣಖೇಡ ಮತ್ತು ಜಹೀರಾಬಾದ್ ತಾಲ್ಲೂಕುಗಳು ಬೀದರ್ ಜಿಲ್ಲೆಯವು, ತಾಂಡೂರು ಕಲಬುರಗಿ ಜಿಲ್ಲೆಯದು. ರಾಜ್ಯ ಪುನರ್ವಿಂಗಡಣೆಯಲ್ಲಿ ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಹೋಬಳಿಯನ್ನು ಈಚೆ ಉಳಿಸಿ ಮಿಕ್ಕಿದ್ದನ್ನು ಆಚೆ ಬರೆದರು. ಬೀದರ್ ತಾಲ್ಲೂಕಿನ ನ್ಯಾಲಕಲ್ ಹೋಬಳಿಯೂ ಆಚೆ ಹೋಯಿತು. ಸಂತೆ, ಸಂಬಂಧ, ತೊಗರಿ ವ್ಯಾಪಾರ ಎಲ್ಲ ಗೆರೆ ದಾಟಿಯೇ ನಡೆಯುವ ಊರುಗಳಿಗೆ ಆಕಾಶದಿಂದ ಬಂದ ಪೆಟ್ಟಿಗೆ, ಯಾರ ಮಾತು ಯಾವುದು ಎಂದು ಮೊದಲೇ ತೀರ್ಮಾನಿಸಿಕೊಂಡು ಬಂದಿತ್ತು.

ಸೈಟ್‌ನ ನಿಜವಾದ ಕೊರತೆ ಭಾಷೆಯದಾಗಿರಲಿಲ್ಲ. ಪೆಟ್ಟಿಗೆ ಹೇಳುತ್ತಿತ್ತು, ಊರು ಕೇಳುತ್ತಿತ್ತು. ಗೊಬ್ಬರ ಎಷ್ಟು ಹಾಕಬೇಕು, ಎಷ್ಟು ಮಕ್ಕಳನ್ನು ಹೆರಬೇಕು ಎಂಬ ಬುದ್ಧಿಮಾತಿಗೆ ಮರುಮಾತು ಹೇಳಲು ದಾರಿಯಿರಲಿಲ್ಲ. ವರ್ಷ ತುಂಬಿದ ಮೇಲೆ ಉಪಗ್ರಹವನ್ನು ಕೊಟ್ಟವರು ವಾಪಸ್ ಪಡೆದರು. ಹಳ್ಳಿಯ ಜನಕ್ಕೆ ಬೇಕು, ಬೇಡ ಎನ್ನಲೂ ಅವಕಾಶವಾಗಲಿಲ್ಲ. ಈ ಒಮ್ಮುಖದ ಮಾತಿಗೆ ಎದುರಾಗಿ ಏನು ಕಟ್ಟಬಹುದು ಎಂಬ ಪ್ರಶ್ನೆ ಸತೀಶರ ಮುಂದಿನ ಎಲ್ಲ ಕೆಲಸದ ಕೆಳಗೂ ಕಾಣುತ್ತದೆ. ಅವರ ಬದುಕನ್ನು ಎರಡು ಹೋಳು ಮಾಡಿ ಮೊದಲರ್ಧ ಟಿವಿ, ಎರಡನೆಯ ಅರ್ಧ ಬೇಸಾಯ ಎನ್ನುವವರು ಈ ಪ್ರಶ್ನೆಯನ್ನೇ ಕಳೆದುಬಿಡುತ್ತಾರೆ.

1983ರಲ್ಲಿ ಕೆಲವು ಗೆಳೆಯರೊಂದಿಗೆ ಸೇರಿ ಅವರು ಜಹೀರಾಬಾದಿನ ಪಕ್ಕದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಆರಂಭಿಸಿದರು. ಊರೂರಿನಲ್ಲಿ ಬಡ ಹೆಣ್ಣುಮಕ್ಕಳ ಸಂಘಂಗಳು ಹುಟ್ಟಿದವು. ಸದಸ್ಯರಲ್ಲಿ ಹೆಚ್ಚಿನವರು ದಲಿತರು, ಅಕ್ಷರ ಬಾರದವರು, ಅಂಗೈಯಗಲದ ಒಣಭೂಮಿ ಉಳ್ಳವರು. ಕಾಲಾಂತರದಲ್ಲಿ ಇದು ಸುಮಾರು 75 ಹಳ್ಳಿಗಳ, ಐದು ಸಾವಿರದಷ್ಟು ಹೆಣ್ಣುಮಕ್ಕಳ ಕೂಟವಾಯಿತು. ಜೋಳ, ನವಣೆ, ಸಾಮೆ, ಸಜ್ಜೆ, ತೊಗರಿಗಳನ್ನು ಒಂದೇ ಹೊಲದಲ್ಲಿ ಕಲಸಿ ಬಿತ್ತುವ ಹಳೆಯ ಪದ್ಧತಿಗೆ ಮರುಜೀವ ಬಂತು. ಬೀಜಗಳನ್ನು ಎತ್ತಿನ ಗಾಡಿಗಳಲ್ಲಿ ಹೇರಿ ಸಂಕ್ರಾಂತಿಯ ಹೊತ್ತಿಗೆ ಹೊರಟು ಸುಮಾರು ಒಂದು ತಿಂಗಳು ಊರೂರು ತಿರುಗುವ ಜಾತ್ರೆ ಶುರುವಾಯಿತು.

ಇವೆಲ್ಲ ಬೇಸಾಯದ ಸಂಗತಿಗಳೇ ಅಲ್ಲವೇ ಎಂದರೆ, ಒಂದು ಉದಾಹರಣೆ ಸಾಕು. 1990ರ ದಶಕದ ನಡುವೆ ಸಂಘಂಗಳು ತಮ್ಮದೇ ಪಡಿತರ ವ್ಯವಸ್ಥೆ ಕಟ್ಟಿಕೊಂಡವು. ಬೀಳುಬಿದ್ದ ಹೊಲ ಉಳಲು ರೈತರಿಗೆ ಸಾಲ. ಸಾಲ ತೀರಿಸುವುದು ಜೋಳದಲ್ಲಿ. ಆ ಜೋಳ ಮಳೆಗಾಲದ ಹಸಿದ ತಿಂಗಳುಗಳಲ್ಲಿ ಕಡಿಮೆ ಬೆಲೆಗೆ ಊರಿನ ಬಡವರಿಗೆ. ಈಗ ಬಡವರು ಯಾರು? ಸರ್ಕಾರದ ಲೆಕ್ಕದಲ್ಲಿ ಇದನ್ನು ಹೊರಗಿನಿಂದ ಬಂದ ಗುಮಾಸ್ತ ತೀರ್ಮಾನಿಸುತ್ತಾನೆ. ಇಲ್ಲಿ ಊರವರೇ ಒಟ್ಟಿಗೆ ಕೂತು, ಯಾರ ಮನೆಯ ಒಲೆ ಯಾವ ತಿಂಗಳು ತಣ್ಣಗಿರುತ್ತದೆ ಎಂದು ತಿಳಿದವರೇ ತೀರ್ಮಾನಿಸಿದರು. ನೋಡುವ ಹಕ್ಕು ಕೈ ಬದಲಾಯಿಸಿತು. ಟಿವಿ ನಿರ್ಮಾಪಕನೊಬ್ಬನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆಗೂ ಜೋಳದ ಕಣಜಕ್ಕೂ ಇರುವ ನಂಟು ಇದೇ. ‘ಸಿರಿಧಾನ್ಯದ ಮನುಷ್ಯ’ ಎಂಬ ಬಿರುದು ಕಾಳನ್ನು ಆರಿಸಿಕೊಂಡು ಈ ನಂಟನ್ನು ತೂರಿಬಿಡುತ್ತದೆ. ಪೇಟೆಯ ಅಂಗಡಿಯಲ್ಲಿ ಚೆಂದದ ಪೊಟ್ಟಣವಾಗಿ ಕೂತಿರುವ ನವಣೆಗೂ ಜಹೀರಾಬಾದ್ ಹೊಲದ ನವಣೆಗೂ ಇರುವ ಅಂತರ ಆ ಬಿರುದಿನಲ್ಲಿ ತಿಳಿಯದು. ಬಿರುದು ಹೊಗಳಿಕೆಯಂತೆ ಕೇಳಿಸುವುದರಿಂದ ಯಾರೂ ತಕರಾರು ಎತ್ತಿಲ್ಲ.

1990ರ ದಶಕದ ಉತ್ತರಾರ್ಧದಲ್ಲಿ ಸಂಘಂನ ಕೆಲವು ಹೆಣ್ಣುಮಕ್ಕಳು ವಿಡಿಯೋ ಕ್ಯಾಮೆರಾ ಕಲಿಯತೊಡಗಿದರು. ಕಲಿಕೆಯ ಹಿಂದಿದ್ದ ವಾದ ಸರಳ. ಬರಹ ಬಾರದವರನ್ನು ಅನಕ್ಷರಸ್ಥರೆಂದು ಕರೆದು ಮೊದಲು ಅಕ್ಷರ ಕಲಿಸಿ, ಆಮೇಲೆ ಮಾತಾಡಲು ಬಿಡುವ ಕ್ರಮದಲ್ಲಿ ಒಂದು ತಲೆಮಾರು ಮುಗಿದುಹೋಗುತ್ತದೆ. ಕ್ಯಾಮೆರಾಕ್ಕೂ ಧ್ವನಿಮುದ್ರಣ ಯಂತ್ರಕ್ಕೂ ಅಕ್ಷರದ ದಲ್ಲಾಳಿ ಬೇಕಿಲ್ಲ. ನೋಡಲು, ಕೇಳಲು, ಹೇಳಲು ಗೊತ್ತಿದ್ದವರಿಗೆ ಆ ಯಂತ್ರಗಳು ಒದಗುತ್ತವೆ. ಬೀಜ ಆರಿಸುವ ಕಣ್ಣು ಚೌಕಟ್ಟಿನೊಳಗೆ ಏನಿರಬೇಕೆಂದು ಆರಿಸಲಾರದೇ? 2001ರಲ್ಲಿ ಇದೇ ಗುಂಪು ಕಮ್ಯುನಿಟಿ ಮೀಡಿಯಾ ಟ್ರಸ್ಟ್ ಎಂಬ ಹೆಸರಿನಲ್ಲಿ ಬೇರೆ ಸಂಸ್ಥೆಯಾಯಿತು. ಹುಮ್ನಾಪುರದ ಲಕ್ಷ್ಮಮ್ಮನಂಥವರು ಹೊಲಗೆಲಸದ ನಡುವೆಯೇ ಚಿತ್ರ ತೆಗೆಯುವವರಾದರು.

ಅಲ್ಲಿ ಹುಟ್ಟಿದ್ದು ಬರೀ ಚಿತ್ರಗಳಲ್ಲ. ಶಾಟ್‌ಗಳಿಗೆ ಅವರೇ ಇಟ್ಟುಕೊಂಡ ಹೆಸರುಗಳೂ ಹುಟ್ಟಿದವು. ಈ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸಿನಿಮಾ ಅಲ್ಲ ಎಂಬ ವಾದ ಬೀಳುವುದು ಇಲ್ಲಿಯೇ. ಕ್ಯಾಮೆರಾವನ್ನು ಮೇಲಿಟ್ಟು ಕೆಳಗೆ ನೋಡುವ ಶಾಟ್‌ಗೆ ಅವರು ಪಟೇಲ್ ಶಾಟ್ ಎಂದರು: ಜಗಲಿಯ ಮೇಲೆ ಕೂತ ಪಟೇಲ ಅಂಗಳದಲ್ಲಿ ನಿಂತವರನ್ನು ನೋಡುವ ನೋಟ. ಕೆಳಗಿನಿಂದ ಮೇಲೆ ನೋಡುವುದು ಜೀತದ ಆಳಿನ ಶಾಟ್. ಕಣ್ಣಿನ ಮಟ್ಟದಲ್ಲಿ ನೇರ ನೋಡುವುದು ಸಂಘಂ ಶಾಟ್, ಏಕೆಂದರೆ ಸಂಘಂನ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ, ಒಂದೇ ಎತ್ತರದಲ್ಲಿ ಕೂರುತ್ತಾರೆ.

ಸಿನಿಮಾ ಶಾಲೆಯ ಪಠ್ಯ ಈ ಮೂರನ್ನೂ ಕೋನಗಳೆಂದು ಕರೆಯುತ್ತದೆ ಮತ್ತು ಅವುಗಳ ಪರಿಣಾಮವನ್ನು ನೋಡಿಸಿಕೊಳ್ಳುವವನ ಕಡೆಯಿಂದ ವಿವರಿಸುತ್ತದೆ. ಕೆಳಗಿನಿಂದ ತೆಗೆದರೆ ಪಾತ್ರ ಘನವಾಗಿ ಕಾಣುತ್ತದೆ, ಮೇಲಿನಿಂದ ತೆಗೆದರೆ ಕುಗ್ಗುತ್ತದೆ. ಪಸ್ತಾಪುರದ ಹೆಸರುಗಳು ಇದನ್ನು ತಲೆಕೆಳಗು ಮಾಡಿದವು. ಅವು ಶಾಟ್‌ಗೆ ಹೆಸರಿಡುವುದು ನೋಡುವವನಿಂದ. ಪಾತ್ರ ದೊಡ್ಡದಾಗಿ ಕಾಣುತ್ತಿದೆ ಎಂದರೆ ಯಾರೋ ಕೆಳಗೆ ಕೂತು ತಲೆಯೆತ್ತಿ ನೋಡುತ್ತಿದ್ದಾರೆ. ಹಾಗೆ ಕೂರಿಸಿದವರು ಯಾರು? ಪಠ್ಯಪುಸ್ತಕ ಕೇಳದ ಈ ಪ್ರಶ್ನೆಯನ್ನು ಹೆಸರೇ ಕೇಳುತ್ತದೆ.

ಈ ಹೆಸರುಗಳನ್ನು ಹಿಡಿದುಕೊಂಡು ಬೇರೆ ಚಿತ್ರಗಳನ್ನು ನೋಡಿದರೆ ಕನ್ನಡ, ತೆಲುಗು ಚಿತ್ರಗಳ ನಾಯಕನ ಪ್ರವೇಶದ ದೃಶ್ಯ ಬೇರೆಯಾಗಿ ಕಾಣುತ್ತದೆ. ಕಾರಿನ ಬಾಗಿಲು ತೆರೆಯುತ್ತದೆ, ಮೊದಲು ಬೂಟು, ಆಮೇಲೆ ಕೆಳಗಿನಿಂದ ಮೇಲಕ್ಕೆ ಏರುವ ಆಳೆತ್ತರದ ದೇಹ. ಸಿಳ್ಳೆ ಹೊಡೆಯುವ ಪ್ರೇಕ್ಷಕ ಆ ಕ್ಷಣ ಜೀತದ ಆಳಿನ ಜಾಗದಲ್ಲಿ ಕೂತಿರುತ್ತಾನೆ. 1935ರಲ್ಲಿ ತೆರೆಕಂಡ ಚಿತ್ರದಲ್ಲಿ ಲೆನಿ ರೀಫೆನ್‌ಸ್ಟಾಲ್ ಹಿಟ್ಲರನನ್ನು ಆಕಾಶಕ್ಕೆ ಒರಗಿಸಿ ಕೆಳಗಿನಿಂದ ತೆಗೆದಾಗ ಮಾಡಿದ್ದೂ ಇದನ್ನೇ, ಇಡೀ ದೇಶಕ್ಕೆ. ನರ್ತಕಿ, ನಟಿ, ನಿರ್ದೇಶಕಿ, ಛಾಯಾಗ್ರಾಹಕಿ ಎಲ್ಲವೂ ಆಗಿದ್ದ ಆಕೆಯ ಬಹುಮುಖ ಪ್ರತಿಭೆಯ ಬಗ್ಗೆ ಪುಸ್ತಕಗಳೇ ಇವೆ. ಇತ್ತ ಜಪಾನಿನ ನಿರ್ದೇಶಕ ಓಜು ಚಾಪೆಯ ಮೇಲೆ ಕೂತವರ ಎತ್ತರಕ್ಕೆ ಕ್ಯಾಮೆರಾ ಇಳಿಸಿದ್ದನ್ನು ವಿಮರ್ಶಕರು ಶೈಲಿಯ ಸಾಧನೆ ಎಂದು ಕೊಂಡಾಡಿದ್ದಾರೆ, ಸರಿಯಾಗಿಯೇ. ನೆಲದ ಮೇಲೆ ಕೂತವರ ಎತ್ತರವನ್ನು ಜಹೀರಾಬಾದಿನ ಹೊಲಗೆಲಸದ ಹೆಂಗಸರು ತಾವಾಗಿ ಕಂಡುಕೊಂಡು ಅದಕ್ಕೊಂದು ತತ್ವದ ಹೆಸರನ್ನೂ ಕೊಟ್ಟರೆ ಅದು ಅಭಿವೃದ್ಧಿ ಯೋಜನೆಯ ವರದಿಯಲ್ಲಿ ಒಂದು ಚೌಕದೊಳಗಿನ ಸ್ವಾರಸ್ಯವಾಗಿ ಉಳಿಯುತ್ತದೆ. ಕಲೆಗೆ ಹೊಸ ವ್ಯಾಕರಣ ಬರೆದವರನ್ನು ಕಲಾವಿದರೆಂದು ಕರೆಯದಿದ್ದರೆ ದೋಷ ವ್ಯಾಕರಣದ್ದಲ್ಲ.

ದಾರ ಎಳೆದವರು ಸತೀಶ್ ಎಂಬ ವಾದವೂ ಇಲ್ಲಿಯೇ ಸಡಿಲವಾಗುತ್ತದೆ. ಕ್ಯಾಮೆರಾ ಹಿಡಿಯಲು ಕಲಿಸಿದ್ದು ದೂರದರ್ಶನದ ಬಳಗದಿಂದ ಬಂದ ಅರಿವು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ದೂರದರ್ಶನದ ಯಾವ ಪಾಠದಲ್ಲೂ ಪಟೇಲ್ ಶಾಟ್ ಇರಲಿಲ್ಲ. ಜಗಲಿಯ ಕೆಳಗೆ ನಿಂತು ಕತ್ತು ನೋಯಿಸಿಕೊಂಡವರಿಗೆ ಮಾತ್ರ ಹೊಳೆಯಬಹುದಾದ ಹೆಸರು ಅದು. ಮೈಸೂರಿನಿಂದ ಬಂದ, ಓದಿದ, ಸಂಬಳದ ನೌಕರಿ ಕಂಡ ಮನುಷ್ಯನಿಗೆ ಅದು ಹೊಳೆದಿದ್ದರೆ ರೂಪಕವಾಗಿರುತ್ತಿತ್ತು. ಆ ಹೆಂಗಸರ ಬಾಯಲ್ಲಿ ಅದು ಇದ್ದದ್ದನ್ನು ಇದ್ದಹಾಗೆ ಹೇಳಿದ್ದು.

ತೆಲಂಗಾಣದ ಜೀತ ಮತ್ತು ದೊರೆತನದ ಬಗ್ಗೆ ಸಿನಿಮಾ ಇಲ್ಲ ಎಂದಲ್ಲ. ಉಡುಪಿ ಕಡೆಯ ಬೆನಗಲ್ ಊರಿನ ಹೆಸರು ಹೊತ್ತ ಮನೆತನದ ಶ್ಯಾಮ್ ಬೆನಗಲ್ ಹೈದರಾಬಾದಿನಲ್ಲಿ ಹುಟ್ಟಿ ಬೆಳೆದು, 1974ರಲ್ಲಿ ‘ಅಂಕುರ್’, ಮರುವರ್ಷ ‘ನಿಶಾಂತ್’ ತೆಗೆದರು. ಅನಂತನಾಗ್ ಹಿಂದಿ ತೆರೆಗೆ ಬಂದದ್ದು ‘ಅಂಕುರ್’ನ ಜಮೀನ್ದಾರನ ಮಗನಾಗಿ. ಕುಂಬಾರ ಕಿಷ್ಟಯ್ಯನ ಹೆಂಡತಿ ಲಕ್ಷ್ಮಿಯಾಗಿ ಶಬಾನಾ ಆಜ್ಮಿಗೆ ರಾಷ್ಟ್ರಪ್ರಶಸ್ತಿ ಬಂತು. ಮೆದಕ್ ಜಿಲ್ಲೆಯವರೇ ಆದ ಬಿ. ನರಸಿಂಗರಾವ್ 1988ರಲ್ಲಿ ‘ದಾಸಿ’ ತೆಗೆದು ದೊರೆಯ ಕೋಟೆಮನೆಯೊಳಗಿನ ಊಳಿಗದ ಹೆಣ್ಣಿನ ಬದುಕನ್ನು ತೋರಿದರು. ಅದರಲ್ಲಿ ನಟಿಸಿದ ಅರ್ಚನಾಗೂ ರಾಷ್ಟ್ರಪ್ರಶಸ್ತಿ. ದೊಡ್ಡ ಚಿತ್ರಗಳು ಇವು, ಇವನ್ನು ಕಿರಿದು ಮಾಡಿ ಪಸ್ತಾಪುರವನ್ನು ಹಿಗ್ಗಿಸಬೇಕಾಗಿಲ್ಲ. ಆದರೆ ‘ಅಂಕುರ್’ನಲ್ಲೂ ‘ದಾಸಿ’ಯಲ್ಲೂ ಊಳಿಗದ ಹೆಣ್ಣು ಕ್ಯಾಮೆರಾದ ಮುಂದೆ ಇದ್ದಾಳೆ, ಅದೂ ಆಕೆಯ ಪಾತ್ರ ವಹಿಸಿದ ಇನ್ನೊಬ್ಬರ ರೂಪದಲ್ಲಿ. ಪಸ್ತಾಪುರದಲ್ಲಿ ಆಕೆ ಕ್ಯಾಮೆರಾದ ಹಿಂದಕ್ಕೆ ಬಂದಳು. ‘ಅಂಕುರ್’ನಿಂದ ‘ದಾಸಿ’ಗೆ ಬಂದು ನಿಂತುಬಿಡುವ ತೆಲಂಗಾಣದ ಸಿನಿಮಾ ಚರಿತ್ರೆ ಮುಂದಿನ ಹೆಜ್ಜೆಯನ್ನು ಬಿಟ್ಟಿದೆ. ಅದು ಥಿಯೇಟರಿನಲ್ಲಿ ಬಿಡುಗಡೆಯಾಗಲಿಲ್ಲ ಎಂಬುದಷ್ಟೇ ಕಾರಣವಾದರೆ, ಅದು ಚರಿತ್ರೆಯ ಹೆಸರಿನಲ್ಲಿ ಇಟ್ಟುಕೊಂಡ ಗಲ್ಲಾಪೆಟ್ಟಿಗೆಯ ಲೆಕ್ಕ.

ಯೂರೋಪು ಇಂಥದ್ದನ್ನು ಹೇಗೆ ಬರೆದುಕೊಂಡಿದೆ ಎಂಬುದಕ್ಕೆ ಕ್ರಿಸ್ ಮಾರ್ಕರ್ ಸಾಕ್ಷಿ. 1921ರಲ್ಲಿ ಹುಟ್ಟಿ 2012ರಲ್ಲಿ ತೀರಿಕೊಂಡ ಈ ಫ್ರೆಂಚ್ ನಿರ್ದೇಶಕ ಮಾಡದ ಪ್ರಕಾರವಿಲ್ಲ. 1962ರ ‘ಲಾ ಜತೇ’ ಬಹುತೇಕ ಸ್ಥಿರಚಿತ್ರಗಳಿಂದಲೇ ಕಟ್ಟಿದ ಕತೆ. 1983ರ ‘ಸಾನ್ ಸೊಲೇಯ್’ ಪ್ರಬಂಧದಂಥ ಚಿತ್ರ. ಸಾಕ್ಷ್ಯಚಿತ್ರ, ಪುಸ್ತಕ, ಸಿಡಿ ರಾಮ್ ಯಾವುದನ್ನೂ ಅವರು ಬಿಡಲಿಲ್ಲ. 1967ರಲ್ಲಿ ಬೆಜಾನ್ಸೋನ್ ಊರಿನ ರೋಡಿಯಾಸೆಟಾ ಜವಳಿ ಕಾರ್ಖಾನೆಯಲ್ಲಿ ಮುಷ್ಕರವಾದಾಗ ಅವರು ಮಾರಿಯೋ ಮಾರೆ ಜತೆ ಅಲ್ಲಿಗೆ ಹೋಗಿ ಒಂದು ಚಿತ್ರ ತೆಗೆದರು. ಮರುವರ್ಷ ಅದನ್ನು ಕಾರ್ಮಿಕರಿಗೆ ತೋರಿಸಿದಾಗ ಅವರು ಒಪ್ಪಲಿಲ್ಲ. ಹೊರಗಿನವನ ಕನಸುಗಣ್ಣಿನ ಚಿತ್ರ, ಹೆಂಗಸರು ಬರೀ ಹೆಂಡಂದಿರಾಗಿ ಕಾಣುತ್ತಾರೆ ಎಂದು ಆಕ್ಷೇಪಿಸಿದರು. ಮಾರ್ಕರ್ ಜಗಳಕ್ಕೆ ನಿಲ್ಲಲಿಲ್ಲ. ಹಾಗಾದರೆ ನಿಮ್ಮ ಚಿತ್ರ ನೀವೇ ತೆಗೆಯಿರಿ ಎಂಬ ದಾರಿ ಹಿಡಿದು, ಕಾರ್ಮಿಕರಿಗೆ ಕ್ಯಾಮೆರಾ ಕಲಿಸಲು ಗೆಳೆಯರೊಂದಿಗೆ ನಿಂತರು. ಹೀಗೆ ಹುಟ್ಟಿದ್ದು ಮೆಡ್ವೆಡ್ಕಿನ್ ಗುಂಪು. 1932ರಲ್ಲಿ ಸೋವಿಯತ್ ದೇಶದಲ್ಲಿ ರೈಲಿನಲ್ಲೇ ಚಿತ್ರಶಾಲೆ ಕಟ್ಟಿ ಊರೂರು ತಿರುಗಿದ ಅಲೆಕ್ಸಾಂಡರ್ ಮೆಡ್ವೆಡ್ಕಿನ್ ಹೆಸರನ್ನು ಆ ಗುಂಪು ಇಟ್ಟುಕೊಂಡಿತು.

ಫ್ರೆಂಚ್ ಚಿತ್ರಚರಿತ್ರೆ ಈ ಗುಂಪಿನ ಚಿತ್ರಗಳನ್ನು ಚಿತ್ರಗಳೆಂದೇ ಓದುತ್ತದೆ. 1969ರ ‘ಕ್ಲಾಸ್ ದ ಲುತ್’ ಬಗ್ಗೆ ವಿಮರ್ಶೆ ಇದೆ, ಚಿತ್ರೋತ್ಸವಗಳಲ್ಲಿ ಪ್ರದರ್ಶನ ಇದೆ. ಗುಂಪಿನ ಹುಟ್ಟನ್ನು ಮಾರ್ಕರ್ ಜೀವನದ ಒಂದು ಅಧ್ಯಾಯವೆಂದು ಲೆಕ್ಕ ಹಿಡಿಯುತ್ತಾರೆ. ಮಾರ್ಕರ್ ಆ ವರ್ಷ ಸಿನಿಮಾ ಬಿಟ್ಟು ಕಾರ್ಮಿಕ ಸಂಘಕ್ಕೆ ಸೇರಿದರು ಎಂದು ಯಾರೂ ಬರೆಯುವುದಿಲ್ಲ. ಕ್ಯಾಮೆರಾ ಕೈಯಿಂದ ಕೈಗೆ ದಾಟಿಸುವುದೂ ನಿರ್ದೇಶನದ ಒಂದು ಬಗೆ ಎಂಬ ತಿಳಿವಳಿಕೆ ಅಲ್ಲಿದೆ. ಬೆಜಾನ್ಸೋನ್ ಗುಂಪಿನ ಚಟುವಟಿಕೆ ಕೆಲವೇ ವರ್ಷಗಳದ್ದು. ಪಸ್ತಾಪುರದ್ದು ಎರಡು ದಶಕ ದಾಟಿದೆ. ಮೊದಲನೆಯದು ನಮ್ಮ ಫಿಲ್ಮ್ ಸೊಸೈಟಿಗಳಲ್ಲಿ ಆಸಕ್ತರಿಗೆ ಪರಿಚಿತ, ಎರಡನೆಯದು ಬೀದರಿನಿಂದ ಬಸ್ಸಿನಲ್ಲಿ ಹೋದರೆ ಒಂದು ಗಂಟೆಯಷ್ಟೇ ದೂರದಲ್ಲಿದ್ದರೂ ಅಪರಿಚಿತ.

ಎದುರು ಬದಿಯ ಗಟ್ಟಿ ಆಕ್ಷೇಪ ಒಂದಿದೆ, ಅದನ್ನು ದಾಟಿಕೊಂಡು ಹೋಗುವುದು ಪ್ರಾಮಾಣಿಕವಲ್ಲ. ಪಸ್ತಾಪುರದ ಚಿತ್ರಗಳು ಚಳವಳಿಯ ಚಿತ್ರಗಳು. ಅವುಗಳ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಅತಿ ಹೆಚ್ಚು ಹೆಸರಾದ ಚಿತ್ರವನ್ನೇ ತೆಗೆದುಕೊಳ್ಳಬಹುದು. 2002ರ ಮಾರ್ಚ್‌ನಲ್ಲಿ ಭಾರತ ಕುಲಾಂತರಿ ತಳಿಯಾದ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು. ಜಹೀರಾಬಾದಿನ ಹೆಣ್ಣುಮಕ್ಕಳು ಕ್ಯಾಮೆರಾ ಹೊತ್ತು ಹೈದರಾಬಾದಿನ ಆಚೆ ಬದಿಯ ವಾರಂಗಲ್‌ಗೆ ಹೋಗಿ, ಹೊಸ ಬೀಜ ಬಿತ್ತಿದ ರೈತರನ್ನು ಹಂಗಾಮಿನ ಉದ್ದಕ್ಕೂ ಮತ್ತೆಮತ್ತೆ ಕಂಡು ಚಿತ್ರಿಸಿದರು. 2003ರಲ್ಲಿ ಬಂದ ಚಿತ್ರದ ಹೆಸರು, ಕನ್ನಡದಲ್ಲಿ ಹೇಳುವುದಾದರೆ, ‘ಬಿಟಿ ಹತ್ತಿಯ ಮೇಲೆ ವಾರಂಗಲ್ ರೈತರಿಗೇಕೆ ಸಿಟ್ಟು?’ 2005ರಲ್ಲಿ ಮೂರು ವರ್ಷದ ದಾಖಲೆಯನ್ನು ಒಟ್ಟು ಮಾಡಿದ ಇನ್ನೊಂದು ಚಿತ್ರ ಬಂತು. ಅದರ ಹೆಸರಿನಲ್ಲೇ ಮೋಸ ಎಂಬ ಪದವಿತ್ತು. ಅದೇ ವರ್ಷ ಕೇಂದ್ರದ ಅನುಮೋದನಾ ಸಮಿತಿ, ಮೊದಲು ಅನುಮತಿ ಪಡೆದಿದ್ದ ಮೂರು ತಳಿಗಳಿಗೆ ಆಂಧ್ರಪ್ರದೇಶದಲ್ಲಿ ಪರವಾನಗಿ ನವೀಕರಿಸಲಿಲ್ಲ. ಆದರೆ ಬೇರೆ ಬಿಟಿ ತಳಿಗಳು ಬಂದವು, ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಹೊಲದ ಶೇ. 90ಕ್ಕಿಂತ ಹೆಚ್ಚು ಭಾಗವನ್ನು ಆವರಿಸಿದವು. ಚಳವಳಿ ಎಂದು ನೋಡಿದರೆ ಅದು ಗೆದ್ದ ಚಳವಳಿಯಲ್ಲ.

ಇಷ್ಟಾದ ಮೇಲೂ ಆ ಚಿತ್ರದ ತೂಕ ಅದರ ತೀರ್ಪಿನಲ್ಲಿ ಇಲ್ಲ, ಅದರ ಕ್ರಮದಲ್ಲಿ ಇದೆ. ಟಿವಿ ವರದಿಗಾರ ರೈತನ ಬಳಿ ಬರುವುದು ಬೆಳೆ ಸತ್ತ ಮೇಲೆ, ಕೆಲವೊಮ್ಮೆ ರೈತ ಸತ್ತ ಮೇಲೆ. ಇವರು ಬಿತ್ತನೆಯಿಂದ ಕಟಾವಿನವರೆಗೆ ಅದೇ ಹೊಲಕ್ಕೆ ಮರಳಿ ಮರಳಿ ಹೋದರು. ಆಸೆ ತುಂಬಿದ್ದ ಮುಖವೂ ಆಸೆ ಬತ್ತಿದ ಮುಖವೂ ಒಂದೇ ಚಿತ್ರದಲ್ಲಿ ಸಿಕ್ಕಿದ್ದು ಹಾಗಾಗಿ. ಬೆಳೆಯ ಕಾಲವೇ ಚಿತ್ರದ ಕಾಲವಾಯಿತು, ಸಂಕಲನದ ಮೇಜಿನ ಮೇಲೆ ಹುಟ್ಟಿಸಲಾಗದ ಓಟ ಅದು. ಇನ್ನು ಪಕ್ಷ ಹಿಡಿದ ಚಿತ್ರ ಸಿನಿಮಾ ಅಲ್ಲ ಎನ್ನುವುದಾದರೆ ಐಸೆನ್‌ಸ್ಟೈನ್‌ನಿಂದ ಆರಂಭಿಸಿ ಅರ್ಧ ಕಪಾಟು ಖಾಲಿ ಮಾಡಬೇಕಾಗುತ್ತದೆ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟು ಮಾಡಿಸಿದ ಬೆನಗಲ್‌ರ ‘ಮಂಥನ್’ ಸಹಕಾರ ಸಂಘದ ಪಕ್ಷ ಹಿಡಿದ ಚಿತ್ರವೇ. 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅದರ ಹೊಸ 4ಕೆ ಪ್ರತಿ ಪ್ರದರ್ಶನವಾದಾಗ ಯಾರೂ ಅದನ್ನು ಡೈರಿಯ ಜಾಹೀರಾತು ಎನ್ನಲಿಲ್ಲ. ಪಕ್ಷ ಹಿಡಿಯುವ ಹಕ್ಕು ಹೆಸರಾಂತ ನಿರ್ದೇಶಕನಿಗೆ ಕಲೆಯಾಗಿಯೂ ಹೊಲದವಳಿಗೆ ಪ್ರಚಾರವಾಗಿಯೂ ಕಾಣುವುದರಲ್ಲಿ ಪಟೇಲ್ ಶಾಟ್ ಮತ್ತೆ ಬಂದಿದೆ.

ಮಾತು ರೇಡಿಯೊಗೆ ಬಂದರೆ ಸತೀಶರ ಕೆಲಸದ ಇನ್ನೊಂದು ಮುಖ ತಿಳಿಯುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟ್ ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪು ಕೊಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ಸೇರಿದವರು ಸಮುದಾಯ ರೇಡಿಯೊಗಾಗಿ ಒಂದು ಘೋಷಣೆ ಹೊರಡಿಸಿದರು. 2000ದ ಜುಲೈನಲ್ಲಿ ಅಂಥದ್ದೇ ಇನ್ನೊಂದು ಘೋಷಣೆ ಪಸ್ತಾಪುರದಿಂದಲೇ ಹೊರಟಿತು. ಇದರ ನಡುವೆ ಝರಾಸಂಗಂ ಮಂಡಲದ ಮಾಚನೂರಿನಲ್ಲಿ ಯುನೆಸ್ಕೊ ನೆರವಿನಿಂದ 1998ರ ಹೊತ್ತಿಗೇ ರೇಡಿಯೊ ಸ್ಟುಡಿಯೊ ಎದ್ದಿತ್ತು. ಸ್ಟುಡಿಯೊ ಇತ್ತು, ಮಾತಾಡುವವರಿದ್ದರು, ಪರವಾನಗಿ ಇರಲಿಲ್ಲ. ಸಮುದಾಯಗಳಿಗೆ ರೇಡಿಯೊ ಕೊಡುವ ನೀತಿ ಬಂದದ್ದು 2006ರ ಕೊನೆಗೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಆ ಕಾಲದಲ್ಲಿ ಕೇಬಲ್ ತಂತಿ ಎಳೆದು ಮನೆಮನೆಗೆ ದನಿ ಮುಟ್ಟಿಸಿದ್ದು ಇದೇ ಕಟ್ಟಿನಿಂದಾಗಿ. ಮಾಚನೂರಿನವರು ಕ್ಯಾಸೆಟ್ಟಿಗೆ ಧ್ವನಿ ತುಂಬಿ ಸಂಘಂ ಸಭೆಗಳಲ್ಲಿ ಕೇಳಿಸಿದರು. 2008ರ ಅಕ್ಟೋಬರ್ 15ರಂದು, ಗ್ರಾಮೀಣ ಮಹಿಳೆಯರ ದಿನ, 90.4 ಮೆಗಾಹರ್ಟ್ಸ್‌ನಲ್ಲಿ ಸಂಘಂ ರೇಡಿಯೊ ಆಕಾಶಕ್ಕೆ ಏರಿತು. ವಿಶ್ವವಿದ್ಯಾಲಯದ ಆವರಣಗಳ ಹೊರಗೆ, ಹೊಸ ನೀತಿಯಡಿ ಹಳ್ಳಿಯ ಜನ ನಡೆಸಿದ ಮೊದಲ ಕೇಂದ್ರ ಅದು. ಜನರಲ್ ನರಸಮ್ಮ, ಆಲ್ಗೋಲ್ ನರಸಮ್ಮ ಎಂಬ ಇಬ್ಬರು ಹೆಣ್ಣುಮಕ್ಕಳು ಅದರ ಧ್ವನಿಯೂ ಆಡಳಿತವೂ ಆದರು.

ಸೈಟ್‌ನ ಪೆಟ್ಟಿಗೆ ಊರಿನ ಮಾತು ಯಾವುದೆಂದು ತೀರ್ಮಾನಿಸಿಕೊಂಡು ಬಂದಿತ್ತು. ಮಾಚನೂರಿನ ರೇಡಿಯೊ ಹೈದರಾಬಾದ್ ಆಕಾಶವಾಣಿಯ ತಿದ್ದಿದ ತೆಲುಗನ್ನು ಬದಿಗಿಟ್ಟು ತನ್ನ ಸೀಮೆಯ ಆಡುಮಾತಿನಲ್ಲಿ ಶುರುವಾಯಿತು. ಒಂದೇ ದಿಕ್ಕಿಗೆ ಹರಿದ ಮಾತನ್ನು ಮೂವತ್ತು ಚಿಲ್ಲರೆ ವರ್ಷದಲ್ಲಿ ಹಿಂದಕ್ಕೆ ಹರಿಸಿದ ಕೆಲಸ ಇದು. ಟಿವಿ, ಬೀಜ, ಪಡಿತರ, ವಿಡಿಯೋ, ರೇಡಿಯೊ ಎಂದು ಐದು ಕಡೆ ಹರಡಿದಂತೆ ಕಾಣುವ ಬದುಕಿಗೆ ಒಂದೇ ಸೂತ್ರ ಇತ್ತೆಂಬುದಕ್ಕೆ ಬೇರೆ ಪುರಾವೆ ಬೇಡ. ಹತ್ತು ಬಗೆಯ ಚಿತ್ರ ತೆಗೆದ ನಿರ್ದೇಶಕನನ್ನು ಬಹುಮುಖ ಎಂದು ಮೆಚ್ಚುವವರು, ಐದು ಬಗೆಯ ಕೆಲಸದಲ್ಲಿ ಒಂದೇ ಪ್ರಶ್ನೆಯನ್ನು ಬೆನ್ನುಹತ್ತಿದವನನ್ನು ದಾರಿ ಬದಲಾಯಿಸಿದವನು ಎನ್ನುತ್ತಾರೆ.

ಸತೀಶರನ್ನು ಸಂತರನ್ನಾಗಿ ಮಾಡುವ ಅಗತ್ಯವೂ ಇಲ್ಲ. ಚಿತ್ರದ ನಿರ್ದೇಶಕನ ಕುರ್ಚಿ ಬಿಟ್ಟರೂ ಸಂಸ್ಥೆಯ ನಿರ್ದೇಶಕನ ಕುರ್ಚಿಯಲ್ಲಿ ಅವರು ಬಹುಕಾಲ ಕೂತಿದ್ದರು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರುವುದು ಇಲ್ಲಿ ಅನುಕೂಲವೂ ಹೌದು, ಮುಜುಗರವೂ ಹೌದು. ದೇಶವಿದೇಶದ ವೇದಿಕೆಗಳಲ್ಲಿ ಪಸ್ತಾಪುರದ ಪರವಾಗಿ ಇಂಗ್ಲಿಷಿನಲ್ಲಿ ಮಾತಾಡಿದವರು ಹೆಚ್ಚಾಗಿ ಅವರೇ. ಹಣ ತಂದವರು, ವಾದ ಕಟ್ಟಿದವರು, ಜಗಳ ಕಾದವರು ಅವರು. ದಾರ ಎಳೆದರು ಎಂಬ ಮಾತಿಗೆ ಸ್ವಲ್ಪ ಆಧಾರ ಸಿಗುವುದು ಈ ಕಡೆಯಿಂದ. ಆದರೆ ಆಧಾರ ಸಿಗುವುದು ಸಂಸ್ಥೆಯ ಬಗ್ಗೆ, ಚಿತ್ರಗಳ ಬಗ್ಗೆಯಲ್ಲ. ಸ್ಟುಡಿಯೊ ಒಡೆಯನ ಹಣದಿಂದ ತೆಗೆದ ಚಿತ್ರವನ್ನು ಯಾರೂ ಸ್ಟುಡಿಯೊ ಒಡೆಯನ ಕೃತಿ ಎನ್ನುವುದಿಲ್ಲ. ಹೆಂಗಸರು, ಅದರಲ್ಲೂ ಓದದ ದಲಿತ ಹೆಂಗಸರು ಕ್ಯಾಮೆರಾ ಹಿಡಿದಾಗ ಮಾತ್ರ ಹಿಂದೆ ಯಾರಿದ್ದಾರೆ ಎಂದು ಹುಡುಕುವ ಚಾಳಿ ಎದ್ದು ಕೂರುತ್ತದೆ.

ಕಪಾಟಿನ ತೊಂದರೆಗೆ ಗಡಿಯ ತೊಂದರೆಯೂ ಸೇರಿದೆ. ಚಿತ್ರಗಳ ಮಾತು ತೆಲುಗು ಆದ್ದರಿಂದ ಕನ್ನಡ ಚಿತ್ರಚರಿತ್ರೆ ಮೈಸೂರಿನ ಸತೀಶರನ್ನು ತನ್ನವರೆಂದು ಎಣಿಸಿಲ್ಲ. ಪರದೆಯ ಮೇಲೆ ಬಿಡುಗಡೆಯಾಗದ ಕಾರಣ ತೆಲುಗು ಚಿತ್ರಚರಿತ್ರೆಗೂ ಅವು ಬೇಡ. ಸಮಾಂತರ ಸಿನಿಮಾದ ಲೆಕ್ಕ ಬರೆಯುವವರಿಗೆ ಚಿತ್ರಕ್ಕೊಂದು ತನ್ನ ಹೆಸರಿನ ನಿರ್ದೇಶಕ ಬೇಕು. 1956ರಲ್ಲಿ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಿಗೆ ಆದದ್ದು ಇದೇ ರೀತಿಯದು: ಯಾವ ಜಿಲ್ಲೆಯ ದಫ್ತರದಲ್ಲಿ ಬರೆಯಬೇಕೆಂಬ ಗೊಂದಲ. ಆಗಲಾದರೂ ಒಂದು ಆಯೋಗ ಕೂತು, ಒಂದು ಕಾಯ್ದೆ ಬಂದು, ಹೋಬಳಿಯ ಮಟ್ಟದವರೆಗೆ ಇಳಿದು ಗೆರೆ ಎಳೆದಿತ್ತು. ಪಸ್ತಾಪುರದ ಚಿತ್ರಗಳಿಗೆ ಅಷ್ಟೂ ಆಗಿಲ್ಲ. ನಿರ್ದೇಶಕರು ಯಾರು ಎಂಬ ಕಲಂ ಮುಂದೆ ಬರೆಯಬೇಕಾದದ್ದು ಸತೀಶರ ಹೆಸರೂ ಅಲ್ಲ, ಖಾಲಿ ಗೆರೆಯೂ ಅಲ್ಲ. ಅಲ್ಲಿ ಬರೆಯಬೇಕಾದ ಹೆಸರು ಕಮ್ಯುನಿಟಿ ಮೀಡಿಯಾ ಟ್ರಸ್ಟ್. ಅದರ ಪಕ್ಕದಲ್ಲಿ, ಜಾಗ ಸಾಲದಿದ್ದರೆ ಹೊಸ ಸಾಲಿನಲ್ಲಿ, ಕ್ಯಾಮೆರಾ ಹಿಡಿದ ಒಬ್ಬೊಬ್ಬಳ ಹೆಸರು, ಅವಳ ಊರಿನ ಹೆಸರಿನೊಂದಿಗೆ.